ಕಾವೇರಿ ಟಾಕೀಸಿನೊಳಗೆ ಬಿಸಿಲು

ಬುಧವಾರ, ಮೇ 8, 2024

ಹಿಂದಿನ ದಿನ ದಾವಣಗೆರೆಯಲ್ಲಿ ಲೋಕಸಭೆಗೆ ಮತದಾನ. ತೋರುಬೆರಳಿನ ಶಾಯಿ ಉಗುರಿನ ಬುಡಕ್ಕೆ ಇಳಿಯುವ ಮೊದಲೇ ನಾನು ಬೆಂಗಳೂರಿನ ರೈಲಿನಲ್ಲಿ ಕುಳಿತಿದ್ದೆ. “ಮದುವೆಗೆ ಹೋಗುವವರನ್ನು ಕಂಡಿದ್ದೇನೆ, ಮಣ್ಣಿಗೆ ಹೋಗುವವರನ್ನೂ ಕಂಡಿದ್ದೇನೆ. ಟಾಕೀಸು ಒಡೆಯುವುದನ್ನು ನೋಡಲು ಹೋಗುವವರನ್ನು ಮಾತ್ರ ಕಂಡಿರಲಿಲ್ಲ” ಎನ್ನುತ್ತಲೇ ಹೆಂಡತಿ ಬುತ್ತಿ ಕಟ್ಟಿಕೊಟ್ಟಿದ್ದಳು. ಇದೂ ಒಂದು ಮಣ್ಣೇ ಎನ್ನೋಣವೆನಿಸಿತು. ಬುತ್ತಿ ಕಟ್ಟಿಕೊಟ್ಟವರ ಜೊತೆ ವಾದಕ್ಕಿಳಿಯಬಾರದೆಂದು ಸುಮ್ಮನಾದೆ.

ಎರಡು ದಿನದ ಹಿಂದೆ ಸೋದರತ್ತೆಯ ಮಗ ಮೊಬೈಲಿಗೆ ಒಂದು ಚಿತ್ರ ಕಳಿಸಿದ್ದ. ತಗಡಿನ ಬೇಲಿ, ಅದರ ಹಿಂದೆ ಕತ್ತು ಎತ್ತಿ ನಿಂತ ಹಳದಿ ಯಂತ್ರ, ಅದರ ಹಿಂದೆ ಅರ್ಧ ಕಟ್ಟಡ. ಕೆಳಗೆ ಎರಡೇ ಪದ: “ಕಾವೇರಿ ಹೋಯಿತು.” ಆ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮುಂದಿನ ಗೋಡೆ ಇರಲಿಲ್ಲ. ಆದರೆ ಹಿಂಬದಿಯ ಎತ್ತರದಲ್ಲಿ ಸಾಲಾಗಿ ನಾಲ್ಕು ಕಪ್ಪು ಚೌಕಗಳಿದ್ದವು. ಬೇರೆಯವರಿಗೆ ಅವು ಗೋಡೆಯ ತೂತುಗಳು. ಮೂವತ್ತೊಂದು ವರ್ಷ ಅಂಥ ತೂತುಗಳ ಹಿಂದೆ ನಿಂತು ಅನ್ನ ತಿಂದವನಿಗೆ ಅವು ಏನೆಂದು ಹೇಳಿಕೊಡಬೇಕಾಗಿಲ್ಲ. ಪ್ರೊಜೆಕ್ಟರ್ ಕ್ಯಾಬಿನ್ ಇನ್ನೂ ನಿಂತಿದೆ, ಹೊರಟರೆ ಸಿಗುತ್ತದೆ ಎಂದುಕೊಂಡೆ.

ಕಾವೇರಿ ಟಾಕೀಸು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಬೆಂಗಳೂರಿನ ಸ್ಯಾಂಕಿ ರಸ್ತೆ ಬಳ್ಳಾರಿ ರಸ್ತೆಯನ್ನು ಸೇರುವ ಕಡೆ, ಒಂದು ಪಕ್ಕಕ್ಕೆ ಪ್ಯಾಲೇಸ್ ಗುಟ್ಟಹಳ್ಳಿ, ಇನ್ನೊಂದು ಪಕ್ಕಕ್ಕೆ ಸದಾಶಿವನಗರ ಇರುವಲ್ಲಿ, 1974ರಲ್ಲಿ ತೆರೆದ ಚಿತ್ರಮಂದಿರ ಅದು. ಮೊದಲ ಸಿನಿಮಾ ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’. ಒಳಗೆ 1,300ಕ್ಕೂ ಹೆಚ್ಚು ಆಸನಗಳು. ಮೆಜೆಸ್ಟಿಕ್‌ನ ಗದ್ದಲದಿಂದ ದೂರ, ಅರಮನೆ ಮೈದಾನದ ಮರಗಳ ನೆರಳಿನಲ್ಲಿ ಒಂಟಿಯಾಗಿ ನಿಂತಿದ್ದುದರಿಂದ ಸಿನಿಮಾ ನೋಡದವರಿಗೂ ಅದು ಗುರುತಿನ ಕಲ್ಲಾಗಿತ್ತು. ಬಸ್ ನಿಲ್ದಾಣಕ್ಕೂ ಅದೇ ಹೆಸರು, ಸಂಚಾರ ದೀಪದ ಜಂಕ್ಷನ್ನಿಗೂ ಅದೇ ಹೆಸರು. ಸುಮಾರು ಹದಿನೈದು ವರ್ಷದ ಹಿಂದೆ, ಮೂರೇ ದಿನದಲ್ಲಿ ಕಟ್ಟಿ ತೋರಿಸುತ್ತೇವೆಂದು ಹೊರಟು ಗಡುವು ದಾಟಿದ ‘ಮ್ಯಾಜಿಕ್ ಬಾಕ್ಸ್’ ಕೆಳಸೇತುವೆಯನ್ನೂ ಜನ ಕಾವೇರಿ ಅಂಡರ್‌ಪಾಸ್ ಎಂದೇ ಕರೆದರು.

ಯಶವಂತಪುರದಲ್ಲಿ ಇಳಿದು ಬಸ್ ಹತ್ತಿದೆ. “ಕಾವೇರಿ ಟಾಕೀಸು, ಒಂದು” ಎಂದೆ. ಕಂಡಕ್ಟರ್ ಟಿಕೆಟ್ ಕೊಟ್ಟು, ನನ್ನ ಚೀಲ ನೋಡಿ, “ಟಾಕೀಸು ಇಲ್ಲ, ಸ್ಟಾಪ್ ಇದೆ” ಎಂದ. ಊರು ಸುತ್ತುವವರ ಬಾಯಲ್ಲಿ ಸುದ್ದಿ ಎಷ್ಟು ಚಿಕ್ಕದಾಗುತ್ತದೆ!

ಸ್ಯಾಂಕಿ ಕೆರೆಯ ಏರಿ ದಾಟುವಾಗಲೇ ಮೋಡ ಕಟ್ಟಿತ್ತು. ಏಪ್ರಿಲ್ ತಿಂಗಳಿಡೀ ಒಂದು ಹನಿಯನ್ನೂ ಕಾಣದ ನಗರವದು. ಮಾರ್ಚ್‌ನಲ್ಲಿ ನೀರಿನ ಬರ ಎಷ್ಟಿತ್ತೆಂದರೆ ಕಟ್ಟಡದ ಕೆಲಸಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶವಾಗಿತ್ತು. ಮೇ ಬಂದ ಮೇಲೆ ಮಳೆ ಹಳೆಯ ಬಾಕಿಯನ್ನೆಲ್ಲ ಒಂದೇ ಸಲ ತೀರಿಸತೊಡಗಿತ್ತು. ನಾನು ಬಸ್ಸಿನಿಂದ ಇಳಿದದ್ದೂ ದಪ್ಪ ಹನಿ ಬಿದ್ದದ್ದೂ ಒಟ್ಟಿಗೇ.

ಎದುರಿನ ಅಂಗಡಿಯ ಸೂರಿನ ಕೆಳಗೆ ನಿಂತು ನೋಡಿದೆ. ಯಂತ್ರ ಸುಮ್ಮನಿತ್ತು. ಬೇಲಿಯ ಒಳಗೆ ಕಾವಲಿನವನೊಬ್ಬ ಗೋಣಿ ಹೊದ್ದು ಕುಳಿತಿದ್ದ. ಕೆಲಸ ಏಕೆ ನಿಂತಿದೆ ಎಂದು ಕೇಳಿದರೆ, “ಆಳುಗಳೆಲ್ಲ ರಾಯಚೂರು ಕಡೆಯವರು. ಓಟು ಹಾಕಲು ಊರಿಗೆ ಹೋಗಿದ್ದಾರೆ, ನಾಳೆ ಬರುತ್ತಾರೆ” ಎಂದ. ಐವತ್ತು ವರ್ಷ ನಿಂತ ಟಾಕೀಸಿಗೆ ಪ್ರಜಾಪ್ರಭುತ್ವದ ಕೃಪೆಯಿಂದ ಎರಡು ದಿನ ಹೆಚ್ಚಿಗೆ ಆಯುಷ್ಯ ಸಿಕ್ಕಿತ್ತು.

ಚಿತ್ರದಲ್ಲಿ ಕಂಡಿದ್ದಕ್ಕಿಂತ ಹೆಚ್ಚು ಹೋಗಿತ್ತು. ಮೇಲಿನ ಶೀಟುಗಳಿರಲಿಲ್ಲ. ಕಬ್ಬಿಣದ ತೊಲೆಗಳು ಆಕಾಶಕ್ಕೆ ಗೆರೆ ಎಳೆದಂತೆ ಕಾಣುತ್ತಿದ್ದವು. ಅವುಗಳ ನಡುವಿನಿಂದ ಮಳೆ ನೇರವಾಗಿ ಒಳಗೆ ಬೀಳುತ್ತಿತ್ತು. ಬಾಲ್ಕನಿಯ ಇಳಿಜಾರಿನ ಮೆಟ್ಟಿಲುಗಳ ಮೇಲೆ ನೀರು ಹರಿದು, ಸಾಲಿನಿಂದ ಸಾಲಿಗೆ ಜಿಗಿಯುತ್ತ, ಪರದೆ ಇದ್ದ ಕಡೆಗೆ ಹೋಗುತ್ತಿತ್ತು. ಎಲ್ಲರ ದೃಷ್ಟಿಯೂ ಪರದೆಗೆ ತಲುಪಲೆಂದು ಮಾಡಿದ ಇಳಿಜಾರು ನೀರಿಗೂ ಚೆನ್ನಾಗಿಯೇ ದಾರಿ ತೋರಿಸಿತು.

ಕತ್ತಲಾದ ಮೇಲೆ ಗುಟ್ಟಹಳ್ಳಿಯ ಅತ್ತೆಯ ಮನೆಗೆ ಹೋದೆ. ಅತ್ತೆ ಇಲ್ಲ, ಮನೆಯಿದೆ. ಮಗ, ಸೊಸೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಮೊಮ್ಮಗಳು. ಮಾರನೆಯ ದಿನ ಫಲಿತಾಂಶವೆಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ನಾನು ಮಾಡಿದೆ.

ಗುರುವಾರ, ಮೇ 9

ಈ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಕಾದವರಲ್ಲಿ ಆ ಹುಡುಗಿ ಎರಡನೆಯವಳು. ಮೊದಲನೆಯವನು ನಾನೇ. 1980ರ ಬೇಸಿಗೆಯಲ್ಲಿ ಪರೀಕ್ಷೆ ಮುಗಿಸಿ ಅತ್ತೆಯ ಮನೆಗೆ ಬಂದಿದ್ದೆ. ಆಗ ಕಾವೇರಿಯಲ್ಲಿ ತೆಲುಗಿನ ‘ಶಂಕರಾಭರಣಂ’ ಓಡುತ್ತಿತ್ತು. ತೆಲುಗು ಬಾರದ ಮಲ್ಲೇಶ್ವರದ ಅಜ್ಜಿಯರೂ ಹೂ ಮುಡಿದು, ಸಂಗೀತ ಕಚೇರಿಗೆ ಹೋಗುವಂತೆ ಸಾಲುಗಟ್ಟಿ ಬರುತ್ತಿದ್ದರು. ಅತ್ತೆ ನನ್ನನ್ನು ಕರೆದುಕೊಂಡು ಹೋದಳು. ಮತ್ತೆ ಪಕ್ಕದ ಮನೆಯವರಿಗೆ ಜೊತೆಯಾಗಿ ಹೋದೆ. ಮೂರನೆಯ ಸಲ ಒಬ್ಬನೇ ಹೋದೆ.

ಮೂರನೆಯ ಸಲ ಹೋದವನಿಗೆ ಕಥೆ ಗೊತ್ತಿರುತ್ತದೆ, ಕಣ್ಣಿಗೆ ಬಿಡುವಿರುತ್ತದೆ. ಹಿಂತಿರುಗಿ ನೋಡಿದೆ. ತಲೆಯ ಮೇಲಿಂದ ಬೆಳಕಿನ ಕೋಲೊಂದು ಹಾದು ಹೋಗುತ್ತಿತ್ತು. ಗಾಂಧಿ ಕ್ಲಾಸಿನ ಬೀಡಿಯ ಹೊಗೆ ಅದರೊಳಗೆ ಸುರುಳಿ ಸುತ್ತುತ್ತಿತ್ತು. ಪರದೆಯ ಮೇಲೆ ಹಾಡು ನಡೆಯುತ್ತಿದ್ದರೂ ನನಗೆ ಆ ಹೊಗೆಯ ನೃತ್ಯವೇ ಹೆಚ್ಚು ಹಿಡಿಸಿತು. ಬೆಳಕು ಹುಟ್ಟುತ್ತಿದ್ದ ಕಿಂಡಿಯ ಪಕ್ಕದ ಚಿಕ್ಕ ಕಿಂಡಿಯಲ್ಲಿ ಒಂದು ಮುಖ ಬಂತು, ಹೋಯಿತು. ಆಟ ಬಿಟ್ಟ ಮೇಲೆ ಹೊರಮೆಟ್ಟಿಲ ಬಳಿ ಕಾದು ನಿಂತು ಆ ಮುಖದವರನ್ನು ಹಿಡಿದೆ. ಅವರು ಬೈಯಲಿಲ್ಲ. ಮುಂದಿನ ಆಟಕ್ಕೆ ಮೇಲೆ ಕರೆದುಕೊಂಡು ಹೋಗಿ ಮೂಲೆಯಲ್ಲಿ ನಿಲ್ಲಿಸಿ, “ಏನನ್ನೂ ಮುಟ್ಟಬೇಡ” ಎಂದರು. ಮುಟ್ಟಲಿಲ್ಲ. ಆ ಬೇಸಿಗೆಯಲ್ಲಿ ಗಣಿತದಲ್ಲಿ ನಪಾಸಾದೆ. ಎರಡು ವರ್ಷ ಕಳೆಯುವಷ್ಟರಲ್ಲಿ ದಾವಣಗೆರೆಯ ಟಾಕೀಸೊಂದರಲ್ಲಿ ರೀಲು ಸುತ್ತುವ ಹುಡುಗನಾಗಿದ್ದೆ.

ಹತ್ತೂವರೆಗೆ ಫಲಿತಾಂಶ ಬಂತು. ಈ ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ಕಾದರಂತೆ. ರಾಜ್ಯದ ಫಲಿತಾಂಶ ಶೇಕಡಾ 73.40ಕ್ಕೆ ಇಳಿದಿದ್ದರೂ ನಮ್ಮ ಹುಡುಗಿ ದಡ ಸೇರಿದ್ದಳು. ಬಾಯಿಗೆ ಮೈಸೂರು ಪಾಕು ಹಾಕಿಸಿಕೊಂಡು ನಾನು ನೇರವಾಗಿ ಕಾವೇರಿಯ ಕಡೆ ನಡೆದೆ.

ಆಳುಗಳು ಬಂದಿದ್ದರು. ಕಬ್ಬಿಣ ಕತ್ತರಿಸುವವನ ಬೆರಳಿನಲ್ಲೂ ಶಾಯಿ, ನನ್ನ ಬೆರಳಿನಲ್ಲೂ ಶಾಯಿ. ಅದನ್ನು ತೋರಿಸಿದ್ದೇ ಪರಿಚಯವಾಯಿತು, ಬೇಲಿಯ ಸಂದಿನೊಳಗೆ ನಿಂತು ನೋಡಲು ಅನುಮತಿಯೂ ಸಿಕ್ಕಿತು. “ಗುಜರಿಯವರೋ?” ಎಂದು ಕೇಳಿದ. “ಅಲ್ಲ, ಆಪರೇಟರ್” ಎಂದೆ. ಅವನು ಗೌರವದಿಂದ ಹಳದಿ ಯಂತ್ರದ ಕಡೆ ನೋಡಿ, “ಇದಕ್ಕಿಂತ ದೊಡ್ಡದನ್ನು ಓಡಿಸುತ್ತೀರಾ?” ಎಂದ. ಇಲ್ಲವೆನ್ನಲು ಮನಸ್ಸು ಬರಲಿಲ್ಲ.

ಒಡೆಯುವುದಕ್ಕೂ ಒಂದು ಕ್ರಮವಿದೆ, ಅದು ನನಗೆ ಹೊಸದು. ನಾವು ಹೊರಗಿನವರು ಧಡಾರನೆ ಬೀಳುವುದನ್ನೇ ಕಾಯುತ್ತೇವೆ. ಅಲ್ಲಿ ನಡೆಯುವುದು ಹೆಚ್ಚುಕಡಿಮೆ ಕಟ್ಟುವುದರ ತಿರುವು ಮುರುವು. ಮೊದಲು ತಂತಿ, ಪೈಪು, ಬಾಗಿಲು, ಕಿಟಕಿ ಹೋಗುತ್ತವೆ. ಆಮೇಲೆ ಮಾಡಿನ ಶೀಟುಗಳನ್ನು ಕೈಯಿಂದಲೇ ಬಿಚ್ಚುತ್ತಾರೆ. ಬಳಿಕ ಗ್ಯಾಸ್ ಕಟರ್ ಹಿಡಿದವರು ತೊಲೆಗಳನ್ನು ತುಂಡು ಮಾಡುತ್ತಾರೆ. ಕೊನೆಗೆ ಯಂತ್ರದ ಉಳಿ ಕಾಂಕ್ರೀಟನ್ನು ಕುಟ್ಟುತ್ತದೆ. ಕುಟ್ಟಿದ ಕಾಂಕ್ರೀಟಿನಿಂದ ಕಂಬಿಯನ್ನು ಬೇರ್ಪಡಿಸುವುದು ಮತ್ತೆ ಮನುಷ್ಯರ ಕೆಲಸ. ಇಬ್ಬರು ಹೆಂಗಸರು ಸುತ್ತಿಗೆ ಹಿಡಿದು ಕೂತು, ಹುಣಸೆಹಣ್ಣಿನಿಂದ ಬೀಜ ತೆಗೆಯುವಷ್ಟು ತಾಳ್ಮೆಯಿಂದ ಸಿಮೆಂಟು ಬಿಡಿಸುತ್ತಿದ್ದರು. ಬಿಡಿಸಿದ ಕಂಬಿ ಒಂದು ಕಡೆ, ಇಡೀ ಇಟ್ಟಿಗೆ ಇನ್ನೊಂದು ಕಡೆ, ಪುಡಿಯೆಲ್ಲ ಟಿಪ್ಪರ್ ಲಾರಿಗೆ. ರಾತ್ರಿಯ ಮಳೆ ದೂಳನ್ನು ಅಡಗಿಸಿದ್ದರಿಂದ ಟ್ಯಾಂಕರಿನ ಖರ್ಚು ಉಳಿಯಿತೆಂದು ಮೇಸ್ತ್ರಿ ಹರ್ಷದಲ್ಲಿದ್ದ. ಕಬ್ಬಿಣ ಹೆಚ್ಚಿರುವ ಹಳೆಯ ಕಟ್ಟಡವಾದರೆ ಒಡೆಯುವವರೇ ಮಾಲೀಕರಿಗೆ ಹಣ ಕೊಟ್ಟು ಒಡೆಯುತ್ತಾರೆ ಎಂದು ಅವನಿಂದ ತಿಳಿಯಿತು. ಇಲ್ಲಿಯ ಲೆಕ್ಕ ಹೇಗೆ ಎಂದೆ. ನಕ್ಕು ಎಲೆ ಅಡಿಕೆ ಮುಂದೆ ಚಾಚಿದ.

ಮಧ್ಯಾಹ್ನ ಮೋಡ ಸರಿದು ಬಿಸಿಲು ಬಂತು. ಆಗ ಒಂದು ವಿಚಿತ್ರವನ್ನು ಕಂಡೆ. ಸಿನಿಮಾ ಮಂದಿರವೆಂದರೆ ಬೆಳಕನ್ನು ಹೊರಗಿಡಲು ಕಟ್ಟಿದ ಕಟ್ಟಡ. ಬಾಗಿಲಿಗೆ ದಪ್ಪ ಪರದೆ, ಅದರಾಚೆ ಇನ್ನೊಂದು ಬಾಗಿಲು, ಕಿಟಕಿಯೆಂಬುದೇ ಇಲ್ಲ. ಮ್ಯಾಟಿನಿಗೆ ಯಾರಾದರೂ ತಡವಾಗಿ ಬಂದು ಬಾಗಿಲು ತೆರೆದರೆ ಒಳಗಿನವರೆಲ್ಲ ಒಂದೇ ದನಿಯಲ್ಲಿ ಕೂಗುತ್ತಿದ್ದರು. ಅಂಥ ಗೋಡೆಗಳ ಮೇಲೆ ಐವತ್ತು ವರ್ಷಗಳ ಬಳಿಕ ಮೇ ತಿಂಗಳ ಬಿಸಿಲು ಬಿದ್ದಿತ್ತು, ಯಾರೂ ಕೂಗಲಿಲ್ಲ. ಗೋಡೆಯ ಬಣ್ಣ ಯಾವುದೆಂದು ನನಗೆ ಅಂದು ಗೊತ್ತಾಯಿತು. ಮೂರು ಸಲ ಸಿನಿಮಾ ನೋಡಿ, ಒಂದು ಆಟ ಕ್ಯಾಬಿನ್ನಿನಲ್ಲಿ ನಿಂತವನು ನಾನು. ಕಡುಗೆಂಪು ಎಂದು ನಾಲ್ಕು ದಶಕ ನಂಬಿದ್ದೆ. ಅದು ತಿಳಿಹಸಿರು. ನಡುವೆ ಯಾವಾಗಲೋ ಮತ್ತೆ ಬಳಿದಿದ್ದರೂ ಬಳಿದಿರಬಹುದು. ಪಕ್ಕದಲ್ಲಿ ನಿಂತಿದ್ದ ಆಟೋದವರು ನೀಲಿ ಇತ್ತು ಎಂದು ಪಟ್ಟು ಹಿಡಿದರು. ಎದುರಿಗೇ ಗೋಡೆ ಇದೆಯಲ್ಲ ಎಂದರೂ ಒಪ್ಪಲಿಲ್ಲ.

ಬೇಲಿಯ ಬಳಿ ಅಂದು ಬಂದು ಹೋದವರು ಬಹಳ. ಸ್ಯಾಂಕಿ ಕೆರೆಗೆ ವಾಯುವಿಹಾರಕ್ಕೆ ಬರುವ ಹಿರಿಯರು, ಕಾಲೇಜು ತಪ್ಪಿಸಿ ಇಲ್ಲಿಗೆ ಬರುತ್ತಿದ್ದೆವೆಂದು ಈಗ ಮೊಮ್ಮಕ್ಕಳ ಮುಂದೆ ಒಪ್ಪಿಕೊಂಡ ಹೆಂಗಸೊಬ್ಬರು, ಸದಾಶಿವನಗರದ ರಾಜ್‌ಕುಮಾರ್ ಮನೆಯ ಮುಂದೆ ನಿಂತು ನೋಡಿ ಇಲ್ಲಿಗೆ ನಡೆದು ಬಂದು ಅವರದೇ ಸಿನಿಮಾ ನೋಡಿದ್ದೆವೆಂದ ದಂಪತಿ. ಎಲ್ಲರೂ ಮೊಬೈಲ್ ಎತ್ತಿ ಚಿತ್ರ ತೆಗೆದರು, ಎಲ್ಲರೂ “ಅಯ್ಯೋ” ಎಂದರು. ಕಡೆಯ ಸಲ ಟಿಕೆಟ್ ಕೊಂಡದ್ದು ಯಾವಾಗ ಎಂದು ಆ ಆಟೋದವರು ಒಬ್ಬೊಬ್ಬರನ್ನೂ ಕೇಳುತ್ತಿದ್ದರು. ಅದೊಂದು ಕೆಟ್ಟ ಚಟ. ನನ್ನ ಸರದಿಯೂ ಬಂತು. ಏಳೆಂಟು ವರ್ಷದ ಹಿಂದೆ ಅರಮನೆ ಮೈದಾನದಲ್ಲಿ ಸಂಬಂಧಿಕರ ಮದುವೆ ಇತ್ತು. ಕಾವೇರಿ ಅಲ್ಲಿಂದ ಕೂಗಳತೆ. ಮಕ್ಕಳು ಮಾಲ್‌ನಲ್ಲಿ ಸಿನಿಮಾ ನೋಡೋಣವೆಂದರು, ನಾನೂ ಹೋದೆ. ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ನಿದ್ದೆ ಮಾಡಿದೆ. ಇದನ್ನು ಅವರಿಗೆ ಹೇಳದೆ, “ದೂರದ ಊರು” ಎಂದೆ.

ಲೆಕ್ಕ ನನಗೇನು ತಿಳಿಯದ್ದಲ್ಲ. ವಾರದ ನಡುವಿನ ಆಟಕ್ಕೆ ನಲವತ್ತು ಜನ ಬಂದರೂ ದೊಡ್ಡ ಹಾಲಿನ ಫ್ಯಾನು ತಿರುಗಬೇಕು, ದೀಪ ಉರಿಯಬೇಕು, ಗೇಟಿನವನಿಂದ ಕಸ ಗುಡಿಸುವವಳವರೆಗೆ ಸಂಬಳ ಹೋಗಬೇಕು. ಸಾವಿರ ಜನರನ್ನು ಒಟ್ಟಿಗೆ ಕರೆಯಬಲ್ಲ ಸಿನಿಮಾ ವರ್ಷಕ್ಕೆ ಎಷ್ಟು ಬರುತ್ತವೆ? ಬಂದರೂ ಅದು ಮೊದಲ ವಾರದಲ್ಲೇ ಊರಿನ ಪರದೆಗಳಲ್ಲೆಲ್ಲ ಹರಡಿ, ಎರಡನೆಯ ವಾರಕ್ಕೆ ತೆಳ್ಳಗಾಗುತ್ತದೆ. ಒಂದು ಸಿನಿಮಾ ಊರಿಗೆಲ್ಲ ಒಂದೇ ಟಾಕೀಸಿನಲ್ಲಿ ಇಪ್ಪತ್ತೈದು ವಾರ ನಿಲ್ಲುತ್ತಿದ್ದ ಕಾಲಕ್ಕೆ ಕಟ್ಟಿದ ಹಾಲುಗಳಿವು. ಸ್ಯಾಂಕಿ ರಸ್ತೆಯಲ್ಲಿ ಅಷ್ಟು ಜಾಗ ಇಟ್ಟುಕೊಂಡು ಇಷ್ಟು ವರ್ಷ ಸಿನಿಮಾ ತೋರಿಸಿದ್ದೇ ಹೆಚ್ಚು ಎನ್ನಬೇಕು. ಮಾಲೀಕರನ್ನು ಬೈಯುವವರ ಜೊತೆ ನಾನು ಸೇರಲಾರೆ.

ಸಂಜೆ ಬಾಲ್ಕನಿಯ ತುದಿ ಬಿತ್ತು. ಕ್ಯಾಬಿನ್ ಮಾತ್ರ ತನ್ನ ಕಂಬಗಳ ಮೇಲೆ ಹಾಗೇ ಇತ್ತು.

ಶುಕ್ರವಾರ, ಮೇ 10

ಬಸವ ಜಯಂತಿ. ಅಕ್ಷಯ ತೃತೀಯವೂ ಹೌದು. ಇಂಥ ದಿನ ಚಿನ್ನ ಕೊಳ್ಳುತ್ತಾರೆ, ಹೊಸ ಕೆಲಸ ಶುರು ಮಾಡುತ್ತಾರೆ. ಒಡೆಯುವ ಕೆಲಸಕ್ಕೆ ಪಂಚಾಂಗ ಏನು ಹೇಳುತ್ತದೆಯೋ! ಮೇಸ್ತ್ರಿ ಯಂತ್ರಕ್ಕೆ ಹೂವಿನ ಹಾರ ಹಾಕಿ, ನಿಂಬೆಹಣ್ಣು ಕತ್ತರಿಸಿಟ್ಟು, ರಜೆ ಎಂದ.

ಬಿಡುವು ಸಿಕ್ಕಿತೆಂದು ಮೆಜೆಸ್ಟಿಕ್‌ಗೆ ಹೋದೆ. ಮೆಜೆಸ್ಟಿಕ್ ಎಂಬುದೇ ಒಂದು ಟಾಕೀಸಿನ ಹೆಸರು, ಆ ಟಾಕೀಸು ಹೋಗಿ ಎಷ್ಟೋ ಕಾಲವಾಯಿತು ಎಂದು ಅಲ್ಲಿ ದಿನಾ ಬಸ್ ಬದಲಿಸುವ ಲಕ್ಷಾಂತರ ಜನರಲ್ಲಿ ಎಷ್ಟು ಮಂದಿಗೆ ನೆನಪಿದೆಯೋ. ಸ್ಟೇಟ್ಸ್ ಟಾಕೀಸು ಭೂಮಿಕಾ ಆಯಿತು. ಅಲಂಕಾರ್ ಇದ್ದಲ್ಲಿ ಅಲಂಕಾರ್ ಪ್ಲಾಜಾ ಬಂದು ಬಟ್ಟೆ ವ್ಯಾಪಾರ ನಡೆಯುತ್ತಿದೆ.

ಕಪಾಲಿಯ ಜಾಗಕ್ಕೆ ಮಾತ್ರ ಹುಡುಕಿಕೊಂಡು ಹೋದೆ. ಆಪರೇಟರುಗಳ ಪಾಲಿಗೆ ಅದು ದೊಡ್ಡ ಗುಡಿ. 1968ರಲ್ಲಿ, ಆಗ ಉಪಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿ ಉದ್ಘಾಟಿಸಿದ್ದು. 1,465 ಆಸನ. ಸಿನೆರಾಮಾಕ್ಕೆಂದು ಮಾಡಿದ ಬಾಗಿದ ದೊಡ್ಡ ಪರದೆ. ಸಿನೆರಾಮಾ ಎಂದರೆ ಮೊದಲಿಗೆ ಮೂರು ಪ್ರೊಜೆಕ್ಟರುಗಳಿಂದ ಮೂರು ತುಂಡು ಚಿತ್ರಗಳನ್ನು ಒಂದೇ ಚಿತ್ರವಾಗುವಂತೆ ಎಸೆಯುವ ವಿದ್ಯೆ. ಒಂದೇ ಪ್ರೊಜೆಕ್ಟರನ್ನು ಸಂಭಾಳಿಸಲು ಹೆಣಗಾಡುತ್ತಿದ್ದ ನಮಗೆ ಆ ಮಾತು ಕೇಳಿಯೇ ಮೈ ಬೆವರುತ್ತಿತ್ತು. 2017ರಲ್ಲಿ ಅದೂ ಮುಚ್ಚಿತು. ಈಗ ಅಲ್ಲಿ ಹೊಸ ಕಟ್ಟಡ ಎದ್ದಿದೆ. ಎದುರಿನ ಹಾದಿಯಲ್ಲಿ ಕಡಲೆಕಾಯಿ ಮಾರುವವರೊಬ್ಬರಿದ್ದರು. ಕಪಾಲಿ ಒಡೆಯುವುದನ್ನು ನೋಡಿದ್ದಿರಾ ಎಂದು ಕೇಳಿದೆ. “ವ್ಯಾಪಾರ ಚೆನ್ನಾಗಿತ್ತು ಸ್ವಾಮಿ, ನೋಡಲು ಬಹಳ ಜನ ಬರುತ್ತಿದ್ದರು” ಎಂದರು.

ಅಲ್ಲಿಂದ ಜಾಲಿ ಮೊಹಲ್ಲಾದ ಗುಜರಿ ಸಾಲಿಗೆ. ನನಗೆ ಬೇಕಾಗಿದ್ದದ್ದು ಕ್ಯಾಬಿನ್ನಿನ ಕಿಂಡಿಯ ಕಬ್ಬಿಣದ ಚೌಕಟ್ಟು. ಕಿಂಡಿಗೆ ಮೇಲಿನಿಂದ ಕೆಳಗೆ ಜಾರುವ ತಗಡಿನ ಬಾಗಿಲಿರುತ್ತದೆ. ಒಳಗೆ ರೀಲಿಗೆ ಬೆಂಕಿ ಹತ್ತಿದರೆ ಅದನ್ನು ಬೀಳಿಸಿ ಪ್ರೇಕ್ಷಕರನ್ನು ಉಳಿಸಬೇಕು. ಆಪರೇಟರ್ ಒಳಗೇ ಉಳಿಯುತ್ತಾನೆ ಎಂಬುದನ್ನು ನಿಯಮ ಬರೆದವರು ಗಮನಿಸಿದಂತಿಲ್ಲ. ಅಂಥ ಚೌಕಟ್ಟು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಶುಕ್ರವಾರದ ನಮಾಜಿಗೆ ಅರ್ಧ ಸಾಲು ಮುಚ್ಚಿತ್ತು. ತೆರೆದಿದ್ದ ಒಬ್ಬರ ಗೋದಾಮಿನ ಹಿಂದೆ, ಹರಿದ ತಗಡುಗಳ ನಡುವೆ, ಎರಡು ಕುರ್ಚಿಗಳು ಕಂಡವು. ಬೀಡುಕಬ್ಬಿಣದ ಕಾಲು, ಮರದ ಬೆನ್ನು, ಎದ್ದರೆ ತಾನೇ ಮೇಲೆ ಮಡಚಿಕೊಳ್ಳುವ ಹಲಗೆ. ಎರಡಕ್ಕೂ ನಡುವೆ ಒಂದೇ ಕೈತೋಳು. ಆ ಒಂದು ಕೈತೋಳಿಗಾಗಿ ನಡೆದ ಮೊಣಕೈ ಯುದ್ಧಗಳನ್ನು ಚಿಕ್ಕ ಕಿಂಡಿಯಿಂದ ಎಷ್ಟು ನೋಡಿದ್ದೇನೋ. ಬೆನ್ನಿನ ಮೇಲೆ ಬಿಳಿ ಬಣ್ಣದಲ್ಲಿ 17, 18.

“ಕಾವೇರಿಯದೇ” ಎಂದು ಗುಜರಿಯವರು ಆಣೆ ಮಾಡಿದರು. ಕಾವೇರಿಯಲ್ಲಿ ಇತ್ತೀಚಿನವರೆಗೆ ಇಂಥ ಕುರ್ಚಿ ಇತ್ತೆಂದು ನಂಬುವುದು ಕಷ್ಟ. ಯಾವ ಟಾಕೀಸಿನದೋ, ಎಷ್ಟು ವರ್ಷದಿಂದ ಅಲ್ಲಿ ಬಿದ್ದಿತ್ತೋ. ನಾನು ಬೇರೆ ಹೆಸರು ಕೇಳಿದ್ದರೆ ಅದರ ಮೇಲೂ ಆಣೆ ಮಾಡುತ್ತಿದ್ದರೇನೋ. ಕುಳಿತು ನೋಡಿದೆ. ಹಲಗೆ ಕಿರ್ ಎಂದಿತು. ಸಾವಿರದ ಇನ್ನೂರು ರೂಪಾಯಿ ಕೊಟ್ಟೆ.

ಆಟೋದಲ್ಲಿ ಕಾಲು ಹೊರಗೆ ಚಾಚಿಕೊಂಡಿದ್ದ ಕುರ್ಚಿಗಳನ್ನು ಹಿಡಿದುಕೊಂಡು ಗುಟ್ಟಹಳ್ಳಿಗೆ ಬಂದಾಗ ಹುಡುಗಿ ಬಾಗಿಲಲ್ಲೇ ನಿಂತು ನಕ್ಕಳು. ಅವಳ ತಾಯಿ ನಗಲಿಲ್ಲ. ಮೊದಲು ಬಿಸಿನೀರಿನಲ್ಲಿ ತೊಳೆಯಬೇಕು, ತಿಗಣೆ ಇರುತ್ತವೆ ಎಂದಳು. ಟಾಕೀಸಿನ ತಿಗಣೆಯ ಬಗ್ಗೆ ಅವಳಿಗೆ ಅತ್ತೆ ಹೇಳಿಕೊಟ್ಟಿರಬೇಕು. ತೊಳೆದೆವು.

ಶನಿವಾರ, ಮೇ 11

ಮಧ್ಯಾಹ್ನದ ರೈಲಿಗೆ ಹೊರಡಬೇಕು. ಬೆಳಿಗ್ಗೆ ಏಳಕ್ಕೇ ಬೇಲಿಯ ಬಳಿ ಹೋದೆ. ಅಂದು ಕ್ಯಾಬಿನ್ನಿನ ಪಾಳಿ ಎಂದು ಶಾಯಿ ಬೆರಳಿನವನು ಮೊದಲೇ ಹೇಳಿದ್ದ.

ಬೆಳಗಿನ ಬಿಸಿಲು ಕ್ಯಾಬಿನ್ನಿನ ಹಿಂಬದಿಯಿಂದ ಬೀಳುತ್ತಿತ್ತು. ಹಿಂದಿನ ಗೋಡೆಯನ್ನು ಆಗಲೇ ತೆಗೆದಿದ್ದರಿಂದ ಸೂರ್ಯ ನೇರವಾಗಿ ಕಿಂಡಿಗಳ ಮೂಲಕ ಹಾದು, ಹಾಲಿನ ದೂಳಿನಲ್ಲಿ ಎರಡು ದೊಡ್ಡ, ಎರಡು ಚಿಕ್ಕ ಬೆಳಕಿನ ಕೋಲುಗಳನ್ನು ಚಾಚಿದ್ದ. ಇಂಥದ್ದನ್ನು ನಾನೇ ಕಟ್ಟಿ ಹೇಳುತ್ತಿದ್ದೇನೆಂದು ನಿಮಗೆ ಅನ್ನಿಸಬಹುದು, ಅದಕ್ಕೇ ಮೇಸ್ತ್ರಿಯನ್ನೂ ಕರೆದು ತೋರಿಸಿದೆ. ಅವನು ನೋಡಿ, “ಹೌದು, ಬಿಸಿಲು” ಎಂದ.

ನಮ್ಮ ಕಾಲದಲ್ಲಿ ಆ ಬೆಳಕಿಗೆ ಪಡುತ್ತಿದ್ದ ಪಾಡು! ತಾಮ್ರದ ಲೇಪದ ಎರಡು ಕಾರ್ಬನ್ ಕಡ್ಡಿಗಳ ತುದಿಗಳ ನಡುವೆ ಬೆಂಕಿ ಹೊತ್ತಿಸಬೇಕು. ಕಡ್ಡಿಗಳು ಉರಿಯುತ್ತ ಸವೆಯುತ್ತವೆ. ಸವೆದಂತೆ ಹತ್ತಿರಕ್ಕೆ ತರುತ್ತಿರಬೇಕು. ಸ್ವಲ್ಪ ಮರೆತರೆ ಪರದೆ ಹಳದಿಯಾಗುತ್ತದೆ. ಇನ್ನೂ ಸ್ವಲ್ಪ ಮರೆತರೆ ಕತ್ತಲು, ಕೆಳಗಿನಿಂದ ಸಿಳ್ಳೆ, ನಮ್ಮ ತಾಯಂದಿರ ನಾಮಸ್ಮರಣೆ. ಒಂದು ದೊಡ್ಡ ರೀಲು 2,000 ಅಡಿ, ಇಪ್ಪತ್ತೆರಡು ನಿಮಿಷ. ಅದು ಮುಗಿಯುವ ಮೊದಲು ಪರದೆಯ ಬಲಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ: ಪಕ್ಕದ ಯಂತ್ರ ಚಾಲೂ ಮಾಡು. ಕೆಲವು ಸೆಕೆಂಡು ಬಿಟ್ಟು ಇನ್ನೊಂದು ಚುಕ್ಕೆ: ಬೆಳಕು ಬದಲಿಸು. ನಾಯಕ ಸಾಯುತ್ತಿರಲಿ, ನಾಯಕಿ ಅಳುತ್ತಿರಲಿ, ನನ್ನ ಕಣ್ಣು ಬಲಮೂಲೆಯಲ್ಲೇ. ಕೊನೆಯ ರೀಲು ಓಡುವಾಗ ಹಿಂದಿನದನ್ನು ಮುಂದಿನ ಆಟಕ್ಕೆಂದು ಸುತ್ತಿಡುವ ಕೆಲಸ ಇರುತ್ತಿತ್ತು. ಆದ್ದರಿಂದ ನೂರು ದಿನ ಓಡಿದ ಸಿನಿಮಾಗಳ ಕ್ಲೈಮ್ಯಾಕ್ಸನ್ನೂ ನಾನು ಸರಿಯಾಗಿ ಕಂಡಿಲ್ಲ. ಡಿಜಿಟಲ್ ಬಂದ ವರ್ಷ, ಇನ್ನು ಗುಂಡಿ ಒತ್ತಿದರೆ ಸಾಕು, ಕೂತು ನೋಡು ಎಂದರು. ಕೂತು ನೋಡುವ ಅಭ್ಯಾಸವೇ ಇರಲಿಲ್ಲ. 2013ರಲ್ಲಿ ಕೆಲಸ ಬಿಟ್ಟೆ.

ಹತ್ತು ಗಂಟೆಯಾದರೂ ಯಂತ್ರ ಕ್ಯಾಬಿನ್ನಿನ ಕಡೆ ತಿರುಗಲಿಲ್ಲ. ಕೆಳಗಿನ ಕಂಬಗಳ ಸುತ್ತ ತೆರವು ಮಾಡುತ್ತಿತ್ತು. ನನಗೆ ಕುರ್ಚಿಗಳ ಚಿಂತೆ. ಯಶವಂತಪುರದವರೆಗೆ ಸಾಗಿಸಲು ಅದೇ ಆಟೋದವರನ್ನು ಒಪ್ಪಿಸೋಣವೆಂದು ಬಸ್ ನಿಲ್ದಾಣದ ಕಡೆ ನಡೆದೆ. ಅವರು ಬಾಡಿಗೆ ಒಂದೂವರೆ ಪಟ್ಟು ಎಂದರು. ಕುರ್ಚಿಗೂ ಮನುಷ್ಯನಿಗೂ ಒಂದೇ ದರವಿರಬೇಕು ಎಂದು ನಾನು ವಾದಿಸುತ್ತಿದ್ದೆ. ಆಗ ಬೆನ್ನ ಹಿಂದೆ ಸದ್ದಾಯಿತು. ದೊಡ್ಡದೇನಲ್ಲ. ಅಕ್ಕಿ ಚೀಲ ಎತ್ತಿ ಹಾಕಿದಂತೆ.

ತಿರುಗಿ ನೋಡುವಷ್ಟರಲ್ಲಿ ದೂಳು ರಸ್ತೆಗೆ ಬಂದಿತ್ತು. ದೂಳು ಇಳಿದ ಮೇಲೆ ಸದಾಶಿವನಗರದ ಕಡೆಯ ಮರಗಳು ಕಂಡವು. ಅವು ಅಲ್ಲಿಂದ ಕಾಣುತ್ತವೆಂದು ಗೊತ್ತಿರಲಿಲ್ಲ. ಆಟೋದವರು ಒಂದು ನಿಮಿಷ ಸುಮ್ಮನಿದ್ದು, “ಆಯಿತು, ಮೀಟರ್ ಮೇಲೆ ಇಪ್ಪತ್ತು ಕೊಡಿ” ಎಂದರು.

ಶಾಯಿ ಬೆರಳಿನವನು ಬೇಲಿಯ ಬಳಿ ಬಂದು, “ನೋಡಿದಿರಾ?” ಎಂದು ಕೇಳಿದ. ನೋಡಿದೆ ಎಂದೆ. ಚೌಕಟ್ಟಿನ ವಿಷಯ ಅವನಿಗೆ ನೆನಪಿತ್ತು. ತಿರುಚಿಕೊಂಡು ಹೋಗಿತ್ತು. ಅದನ್ನು ಎತ್ತಿ ತೋರಿಸಿದ. ಅದು ಕಬ್ಬಿಣದ ರಾಶಿಗೇ ಇರಲಿ ಎಂದೆ.

ರೈಲಿನಲ್ಲಿ ಜಾಗವಿರಲಿಲ್ಲ. ಕಡೆಗೂ ಕುರ್ಚಿಗಳನ್ನು ಬೋಗಿಯ ಬಾಗಿಲ ಪಕ್ಕ, ಕೈ ತೊಳೆಯುವ ಜಾಗದ ಎದುರಿಗೆ ಇರಿಸಿ, ಹಗ್ಗದಿಂದ ಕಂಬಿಗೆ ಕಟ್ಟಿದೆ. ಇದೇನು ಎಂದು ಬಂದವರೆಲ್ಲ ಕೇಳಿದರು. ಒಬ್ಬರು ಹಲಗೆಯನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ನೋಡಿದರು. ತುಮಕೂರಿನಲ್ಲಿ ಬೋಗಿ ತುಂಬಿತು. ಕಂಕುಳಲ್ಲಿ ಮಗುವಿದ್ದ ಹೆಂಗಸೊಬ್ಬಳು ಹತ್ತಿ, ಅತ್ತಿತ್ತ ನೋಡಿ, ಯಾರನ್ನೂ ಕೇಳದೆ ಹದಿನೇಳನೆಯದರಲ್ಲಿ ಕುಳಿತಳು. ಅವಳ ಅತ್ತೆ ಹದಿನೆಂಟರಲ್ಲಿ. ಸ್ವಲ್ಪ ಹೊತ್ತಿಗೆ ನಡುವಿನ ಕೈತೋಳಿನ ಮೇಲೆ ಇಬ್ಬರ ಮೊಣಕೈಗಳೂ ಬಂದವು. ಸೊಸೆ ಹಿಂದೆಗೆದಳು. ತಿಪಟೂರು ದಾಟಿದ ಮೇಲೆ ಅತ್ತೆಗೆ ನಿದ್ದೆ ಹತ್ತಿತು, ಕೈತೋಳು ಸೊಸೆಯ ಪಾಲಾಯಿತು. ಅವರು ಇಳಿದದ್ದು ಕಡೂರಿನಲ್ಲಿ. ಅಲ್ಲಿಯವರೆಗೂ ನಾನು ನಿಂತೇ ಇದ್ದೆ.